ಫಾಸ್ಫೋ-ಎರ್ಕ್ ಮಾನೋಕ್ಲೋನಲ್ ಹಾಕಿದರೆ 50ರ ಹತ್ತಿರ ದಪ್ಪ ಬ್ಯಾಂಡ್. ಆಂಟಿಬಾಡಿ ಬದಲಿಸಬೇಕಾ?

ಮೌನ_ಪಿಪೆಟ್
ಎಲ್ಲರಿಗೂ ನಮಸ್ಕಾರ. ಮೂರು ವಾರದಿಂದ ಒಂದೇ ಬ್ಲಾಟ್ (ಪ್ರೋಟೀನುಗಳನ್ನು ಜೆಲ್ ಮೇಲೆ ತೂಕದ ಪ್ರಕಾರ ಬೇರ್ಪಡಿಸಿ, ಪೊರೆಗೆ ದಾಟಿಸಿ, ಆಂಟಿಬಾಡಿ ಹಾಕಿ ಹುಡುಕುವುದು) ಹಿಂದೆ ಬಿದ್ದಿದ್ದೇನೆ, ಇನ್ನೂ ತಲೆಗೆ ಹತ್ತುತ್ತಿಲ್ಲ. ಇಲಿಯ ಮಿದುಳಿನಿಂದ ಹಿಪೊಕ್ಯಾಂಪಸ್ ತೆಗೆದು, ಲೈಸೇಟ್ (ಕೋಶ ಒಡೆದ ದ್ರವ) ಮಾಡಿ, ಎರ್ಕ್ ಅನ್ನುವ ಕೈನೇಸ್ (ಬೇರೆ ಪ್ರೋಟೀನಿನ ಮೇಲೆ ಫಾಸ್ಫೇಟ್ ಕೂರಿಸುವ ಕಿಣ್ವ) ಎಷ್ಟು ಚುರುಕಾಗಿದೆ ಅಂತ ನೋಡಬೇಕು. ಬಳಸುತ್ತಿರುವ ಪ್ರೈಮರಿ, ಫಾಸ್ಫೋ-ಎರ್ಕ್ (ಫಾಸ್ಫೇಟ್ ಕೂತ ಎರ್ಕ್) ಹಿಡಿಯುವ ಮೌಸ್, ಅಂದರೆ ಇಲಿಯ ಮಾನೋಕ್ಲೋನಲ್ ಆಂಟಿಬಾಡಿ. ಪ್ರೈಮರಿಯನ್ನು ಹಿಡಿದು ತೋರಿಸುವ ಸೆಕೆಂಡರಿ, ಎಚ್‌ಆರ್‌ಪಿ ಕಿಣ್ವ ಜೋಡಿಸಿದ ಆಂಟಿ-ಮೌಸ್. 44 ಮತ್ತು 42 ಕಿಲೋಡಾಲ್ಟನ್‌ನಲ್ಲಿ ಜೋಡಿ ಗೆರೆ ಬರಬೇಕು ಅಲ್ವಾ? ನನಗೆ ಬರುವುದು 50ರ ಹತ್ತಿರ ಒಂದು ದಪ್ಪ ಪಟ್ಟಿ, 25ರಲ್ಲಿ ಇನ್ನೊಂದು. 42ರ ಜಾಗದಲ್ಲಿ ಹೊಗೆ ಹಿಡಿದ ಹಾಗೆ ಏನೋ ಮಸುಕು. ಔಷಧಿ ಕೊಟ್ಟ ಇಲಿಯಲ್ಲೂ ಅದೇ, ಕೊಡದ ಇಲಿಯಲ್ಲೂ ಅದೇ.

12% ಜೆಲ್, ನೈಟ್ರೋಸೆಲ್ಯುಲೋಸ್, 5% ಹಾಲಿನ ಪುಡಿಯಲ್ಲಿ ಬ್ಲಾಕಿಂಗ್ (ಪೊರೆಯ ಖಾಲಿ ಜಾಗ ಮುಚ್ಚುವುದು), ಪ್ರೈಮರಿ 1:1000, ರಾತ್ರಿಯಿಡೀ 4 ಡಿಗ್ರಿಯಲ್ಲಿ. ಗೈಡ್ "ಬೇರೆ ಆಂಟಿಬಾಡಿ ತರಿಸು" ಅನ್ನುತ್ತಾರೆ. ಮಾನೋಕ್ಲೋನಲ್ ಅಂದ ಮೇಲೆ ಒಂದೇ ಗುರಿ ತಾನೇ? ಹಾಗಿದ್ದರೆ ಈ 50 ಎಲ್ಲಿಂದ ಬಂತು?

ಹಳೇ_ಜೆಲ್
ಪ್ರೈಮರಿ ಹಾಕದೆ ಸೆಕೆಂಡರಿ ಮಾತ್ರ ಹಾಕಿ ಒಂದು ಬ್ಲಾಟ್ ಮಾಡಿದ್ದೀರಾ?

ಮೌನ_ಪಿಪೆಟ್
ಇಲ್ಲ. ಹೊಸ ಸೆಕೆಂಡರಿ, ಹಾಗಾಗಿ ಅದರ ಮೇಲೆ ಅನುಮಾನ ಬರಲಿಲ್ಲ.

ಹಳೇ_ಜೆಲ್
ಸೆಕೆಂಡರಿ ಚೆನ್ನಾಗೇ ಇದೆ, ತನ್ನ ಕೆಲಸ ಮಾಡುತ್ತಿದೆ. ಅದಕ್ಕೆ ಗೊತ್ತಿರುವುದು ಇಲಿಯ ಇಮ್ಯುನೋಗ್ಲಾಬ್ಯುಲಿನ್ (ಆಂಟಿಬಾಡಿ ಪ್ರೋಟೀನ್) ಎಲ್ಲಿ ಕಂಡರೂ ಹಿಡಿ ಅನ್ನುವುದು ಮಾತ್ರ. ನಿಮ್ಮ ಸ್ಯಾಂಪಲ್ ಇಲಿಯದೇ. ಮಿದುಳಿನ ರಕ್ತನಾಳಗಳಲ್ಲಿ ಉಳಿದ ರಕ್ತದಲ್ಲಿ ಇಲಿಯ ಸ್ವಂತ ಇಮ್ಯುನೋಗ್ಲಾಬ್ಯುಲಿನ್, ಐಜಿಜಿ, ಇದ್ದೇ ಇರುತ್ತದೆ. ಎಸ್‌ಡಿಎಸ್ ಜೊತೆ ಮರ್ಕ್ಯಾಪ್ಟೋಎಥನಾಲ್ ಹಾಕಿ ಕುದಿಸಿದಾಗ ಅದು ಎರಡು ಬಗೆಯ ತುಂಡಾಗುತ್ತದೆ. ಭಾರದ ಸರಪಳಿ 50ರಲ್ಲಿ, ಹಗುರ ಸರಪಳಿ 25ರಲ್ಲಿ. ನಿಮ್ಮ ಎರಡು ಪಟ್ಟಿ ಇವೇ. ಎರ್ಕ್‌ಗೂ ಇವಕ್ಕೂ ಸಂಬಂಧವೇ ಇಲ್ಲ.

ಕೋಶ_ಕುತೂಹಲಿ
ಇದೇ ಅನ್ನಿಸಿತ್ತು ನನಗೂ. 50 ಮತ್ತು 25 ಒಟ್ಟಿಗೆ ಕಂಡರೆ ಮೊದಲು ಐಜಿಜಿ ಅಂತಲೇ ನೋಡಬೇಕು. ಇಮ್ಯುನೋಪ್ರೆಸಿಪಿಟೇಶನ್ (ಆಂಟಿಬಾಡಿಯಿಂದ ಪ್ರೋಟೀನ್ ಎಳೆದು ತೆಗೆಯುವುದು) ಮಾಡಿದವರಿಗೆ ಈ ಜೋಡಿ ಮನೆಯವರಷ್ಟು ಪರಿಚಯ.

ಬಫರ್_ಮನೆ
ಪರಿಹಾರ ಹೇಳುತ್ತೇನೆ. ಮೊಲದ ಮಾನೋಕ್ಲೋನಲ್‌ಗೆ ಹೋಗಿ. ಆಗ ಸೆಕೆಂಡರಿ ಆಂಟಿ-ರ‍್ಯಾಬಿಟ್ ಆಗುತ್ತದೆ, ಇಲಿಯ ಐಜಿಜಿಯನ್ನು ಮುಟ್ಟುವುದು ತೀರಾ ಕಡಿಮೆ. ಅದಾಗದಿದ್ದರೆ ಎಚ್‌ಆರ್‌ಪಿ ನೇರವಾಗಿ ಅಂಟಿಸಿದ ಪ್ರೈಮರಿ ಸಿಗುತ್ತದೆ, ಸೆಕೆಂಡರಿಯೇ ಬೇಡ. ಮೂರನೇ ದಾರಿ, ಹಗುರ ಸರಪಳಿಯನ್ನು ಮಾತ್ರ ಗುರುತಿಸುವ ಸೆಕೆಂಡರಿ. 25ರಲ್ಲಿ ಗೆರೆ ಉಳಿಯುತ್ತದೆ, ಉಳಿಯಲಿ. 42ರ ಸುತ್ತಮುತ್ತ ಸ್ವಚ್ಛ ಆಗುತ್ತದೆ.

ಇನ್ನೊಂದು. 12% ಬೇಡ. 10% ಜೆಲ್ ಹಾಕಿ ಸ್ವಲ್ಪ ಜಾಸ್ತಿ ಹೊತ್ತು ಓಡಿಸಿ. 44ಕ್ಕೂ 42ಕ್ಕೂ ಇರುವುದು ಎರಡೇ ಕಿಲೋಡಾಲ್ಟನ್ ಅಂತರ, ಅದು ಬಿಡಿಸಿಕೊಳ್ಳಲು ಜಾಗ ಬೇಕು.

ಮೌನ_ಪಿಪೆಟ್
ಅಬ್ಬಾ. ಮೂರು ವಾರ! ಈಗಲೇ ಸೆಕೆಂಡರಿ ಮಾತ್ರದ ಬ್ಲಾಟ್ ಹಾಕುತ್ತೇನೆ. ಆದರೆ 42ರಲ್ಲಿ ಫಾಸ್ಫೋ-ಎರ್ಕ್ ಯಾಕೆ ಸರಿಯಾಗಿ ಕಾಣುತ್ತಿಲ್ಲ? ಮಿದುಳಿನಲ್ಲಿ ಎರ್ಕ್ ಧಾರಾಳವಾಗಿ ಇರುತ್ತದೆ ಅಂತ ಓದಿದ್ದೆ.

ಹಳೇ_ಜೆಲ್
ಎರ್ಕ್ ಧಾರಾಳವಾಗಿದೆ. ಫಾಸ್ಫೇಟ್ ಉಳಿದಿದೆಯಾ ಅನ್ನುವುದು ಬೇರೆ ಪ್ರಶ್ನೆ. ಅಂಗಾಂಶ ತೆಗೆದು ದ್ರವ ಸಾರಜನಕಕ್ಕೆ ಹಾಕುವುದಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ?

ಮೌನ_ಪಿಪೆಟ್
ಒಂದು ಇಲಿಗೆ ಹತ್ತು ಹನ್ನೆರಡು ನಿಮಿಷ. ಹಿಪೊಕ್ಯಾಂಪಸ್ ಬಿಡಿಸುವುದು ನನಗಿನ್ನೂ ಕೈ ಹತ್ತಿಲ್ಲ. ಎಲ್ಲ ಇಲಿ ಮುಗಿಯುವವರೆಗೆ ಐಸ್ ಮೇಲೆ ಇಟ್ಟು, ಕೊನೆಗೆ ಒಟ್ಟಿಗೆ ಫ್ರೀಜ್ ಮಾಡುತ್ತೇನೆ.

ಹಳೇ_ಜೆಲ್
ಅಲ್ಲೇ ಹೋಯಿತು. ಜೀವ ಹೋದ ತಕ್ಷಣ ಕೋಶದೊಳಗಿನ ಕೆಲಸ ನಿಲ್ಲುವುದಿಲ್ಲ. ಆಮ್ಲಜನಕ ನಿಂತು ಎಟಿಪಿ ಕುಸಿಯುತ್ತದೆ, ಕೈನೇಸ್‌ಗಳಿಗೆ ಫಾಸ್ಫೇಟ್ ಸಿಗುವುದಿಲ್ಲ. ಫಾಸ್ಫಟೇಸ್‌ಗಳಿಗೆ ಎಟಿಪಿ ಬೇಕಾಗಿಲ್ಲ, ಅವು ಇದ್ದ ಫಾಸ್ಫೇಟನ್ನು ಕಿತ್ತು ಹಾಕುತ್ತಲೇ ಇರುತ್ತವೆ. ನಿಮಿಷಗಳಲ್ಲಿ ಲೆಕ್ಕ ಬದಲಾಗುತ್ತದೆ. ಐಸ್ ನಿಧಾನ ಮಾಡುತ್ತದೆ, ನಿಲ್ಲಿಸುವುದಿಲ್ಲ.

ನಾನು ಕಲಿಯುವಾಗ ನನ್ನ ಸೀನಿಯರ್ ಒಬ್ಬರು ಪಕ್ಕದಲ್ಲಿ ಸ್ಟಾಪ್‌ವಾಚ್ ಹಿಡಿದು ನಿಲ್ಲುತ್ತಿದ್ದರು. ತುಂಡು ಚಿಮುಟದಲ್ಲಿ ಎತ್ತಿದ ಕೂಡಲೇ ಮುಚ್ಚಳ ತೆಗೆದ ಟ್ಯೂಬು ಕೈಗೆ ಬರುತ್ತಿತ್ತು, ಹಾಕಿದ ಕೂಡಲೇ ಸಾರಜನಕದಲ್ಲಿ ಚುರ್ ಅಂತ ಸದ್ದು. ಆಗ ಅವರು ಸಮಯ ಓದಿ ಬರೆದುಕೊಳ್ಳುತ್ತಿದ್ದರು. ಪ್ರತಿ ಇಲಿಗೂ. ಆ ಪುಸ್ತಕದಲ್ಲಿ ಎರಡು ನಿಮಿಷ ದಾಟಿದ ಸ್ಯಾಂಪಲ್‌ಗಳ ಎದುರು ಕೆಂಪು ಚುಕ್ಕೆ ಇರುತ್ತಿತ್ತು, ಅವು ಬ್ಲಾಟ್‌ಗೆ ಹೋಗುತ್ತಿರಲಿಲ್ಲ.

ಸೂಕ್ಷ್ಮ_ಕಣ್ಣು
ಅದಕ್ಕೆ ಮೊದಲು ರಕ್ತ ತೊಳೆಯಲು ಪರ್ಫ್ಯೂಶನ್ (ರಕ್ತನಾಳಗಳಲ್ಲಿ ಬಫರ್ ಹರಿಸುವುದು) ಮಾಡಿದರೆ ಐಜಿಜಿಯೂ ಹೋಗುತ್ತದಲ್ಲ?

ಹಳೇ_ಜೆಲ್
ಹೋಗುತ್ತದೆ, ಆದರೆ ಅಷ್ಟು ಹೊತ್ತಿನಲ್ಲಿ ಫಾಸ್ಫೇಟ್ ಕೂಡ ಅಲುಗಾಡುತ್ತದೆ. ಅರಿವಳಿಕೆಯೇ ಫಾಸ್ಫೋ-ಎರ್ಕ್ ಮಟ್ಟವನ್ನು ಬದಲಿಸುತ್ತದೆ. ಒಟ್ಟು ಪ್ರೋಟೀನ್ ಅಳೆಯುವವರಿಗೆ ಪರ್ಫ್ಯೂಶನ್ ಸರಿ. ಫಾಸ್ಫೋ ಅಳೆಯುವವರು ರಕ್ತವನ್ನು ಸಹಿಸಿಕೊಂಡು ಸೆಕೆಂಡರಿ ಬದಲಿಸುವುದು ವಾಸಿ.

ಕೋಶ_ಕುತೂಹಲಿ
ಇದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ತಣ್ಣಗಿನ ಬಫರ್‌ನಲ್ಲಿ ಫಾಸ್ಫಟೇಸ್ ತಡೆಯುವ ರಾಸಾಯನಿಕ ಸೇರಿಸಿ ಪರ್ಫ್ಯೂಸ್ ಮಾಡುವವರಿದ್ದಾರೆ. ಎಲ್ಲ ಇಲಿಗಳಿಗೂ ಒಂದೇ ಸಮಯ, ಒಂದೇ ಕ್ರಮ ಇಟ್ಟುಕೊಂಡರೆ ಹೋಲಿಕೆ ಮಾಡಬಹುದು.

ಹಳೇ_ಜೆಲ್
ಎಲ್ಲದರಲ್ಲೂ ಒಂದೇ ರೀತಿ ಕಳೆದುಹೋದರೆ ಹೋಲಿಸಲು ಉಳಿಯುವುದಾದರೂ ಏನು? ಆ ಕ್ರಮ ಯಾರಿಗಾದರೂ ಕೈ ಹತ್ತಿದ್ದರೆ ಮಾಡಲಿ. ಹೊಸಬರಿಗೆ ನಾನು ಹೇಳುವುದಿಲ್ಲ.

ಬಫರ್_ಮನೆ
ಲೈಸಿಸ್ ಬಫರ್‌ನಲ್ಲಿ ಏನೇನು ಹಾಕಿದ್ದೀರಿ ಅಂತ ಯಾರೂ ಕೇಳಲೇ ಇಲ್ಲ. ಪ್ರೋಟಿಯೇಸ್ ತಡೆಯುವ ಮಾತ್ರೆ ಒಂದೇ ಹಾಕಿ ಫಾಸ್ಫಟೇಸ್ ಮರೆತವರನ್ನು ಬೇಕಾದಷ್ಟು ನೋಡಿದ್ದೇನೆ. ಸೋಡಿಯಂ ಫ್ಲೋರೈಡ್ ಮತ್ತು ಬೀಟಾ-ಗ್ಲಿಸರೋಫಾಸ್ಫೇಟ್ ಸೆರಿನ್-ಥ್ರಿಯೋನಿನ್ ಕಡೆಗೆ, ಆರ್ಥೋವನಾಡೇಟ್ ಟೈರೋಸಿನ್ ಕಡೆಗೆ. ಎರ್ಕ್‌ಗೆ ಎರಡೂ ಬೇಕು, ಯಾಕೆಂದರೆ ಎರ್ಕ್ 1ರಲ್ಲಿ (44ರ ಗೆರೆ) ಥ್ರಿಯೋನಿನ್ 202 ಮತ್ತು ಟೈರೋಸಿನ್ 204 ಎರಡರ ಮೇಲೂ ಫಾಸ್ಫೇಟ್ ಕೂರಬೇಕು.

ವನಾಡೇಟ್ ಪುಡಿಯನ್ನು ಸುಮ್ನೆ ನೀರಿಗೆ ಹಾಕಿ ಬಳಸಬೇಡಿ. ಪಿಹೆಚ್ 10ಕ್ಕೆ ತನ್ನಿ. ದ್ರಾವಣ ಹಳದಿಯಾಗುತ್ತದೆ. ಕುದಿಸಿ, ಬಣ್ಣ ಹೋಗುತ್ತದೆ. ಆರಿಸಿ ಮತ್ತೆ ಪಿಹೆಚ್ ನೋಡಿ, ಇಳಿದಿದ್ದರೆ ಸರಿಪಡಿಸಿ. ಕುದಿಸಿದರೂ ಹಳದಿ ಬರದೆ ನೀರಿನಂತೆ ನಿಲ್ಲುವವರೆಗೆ ಇದನ್ನೇ ಮಾಡಿ. ಹಳದಿ ಇದ್ದರೆ ಅಣುಗಳು ಒಂದಕ್ಕೊಂದು ಅಂಟಿಕೊಂಡಿವೆ ಅಂತ ಅರ್ಥ, ಅವು ಸರಿಯಾಗಿ ತಡೆಯುವುದಿಲ್ಲ.

ಓದುಗ_ಹೊಸಬ
ಬಫರ್‌ನಲ್ಲಿ ಇಡಿಟಿಎ (ಲೋಹದ ಅಯಾನು ಹಿಡಿಯುವ ರಾಸಾಯನಿಕ) ಇದ್ದರೆ ವನಾಡೇಟ್ ಕೆಲಸ ಕೆಡುತ್ತದೆ ಅಂತ ಕೇಳಿದ್ದೇನೆ, ನಿಜವಾ?

ಬಫರ್_ಮನೆ
ನಿಜ. ಇಡಿಟಿಎ ವನಾಡೇಟನ್ನು ಹಿಡಿದುಕೊಳ್ಳುತ್ತದೆ, ಡಿಟಿಟಿ ಅದನ್ನು ಕೆಡಿಸುತ್ತದೆ. ಅದಕ್ಕೇ ಒಂದೇ ರಾಸಾಯನಿಕವನ್ನು ನಂಬಬಾರದು. ಇನ್ನೂ ಸರಳ ದಾರಿ ಇದೆ. ಬರೀ ಬ್ಲಾಟ್ ಮಾಡುವುದಾದರೆ ಬಿಸಿ ಎಸ್‌ಡಿಎಸ್ ಬಫರ್‌ಗೇ ನೇರ ಹಾಕಿ. ಕಿಣ್ವಗಳೆಲ್ಲ ಅಲ್ಲೇ ಬಿಚ್ಚಿಕೊಳ್ಳುತ್ತವೆ, ಯಾರೂ ಯಾರನ್ನೂ ಕತ್ತರಿಸುವುದಿಲ್ಲ.

ನೀಲಿ_ಲೇನ್
ಹಾಲಿನ ಪುಡಿ ಬಿಡಿ ಸ್ವಾಮಿ! ಹಾಲಿನ ಕೇಸೀನ್ ಫಾಸ್ಫೇಟ್ ಹೊತ್ತ ಪ್ರೋಟೀನ್. ಫಾಸ್ಫೋ ಆಂಟಿಬಾಡಿ ಅದಕ್ಕೇ ಅಂಟಿಕೊಳ್ಳುತ್ತದೆ. ಬಿಎಸ್‌ಎ (ಹಸುವಿನ ಸೀರಂ ಅಲ್ಬುಮಿನ್) ಬಳಸಿ.

ಹಳೇ_ಜೆಲ್
ಈ ಮಾತು ಎಲ್ಲರ ಬಾಯಲ್ಲೂ ಇದೆ, ಅರ್ಧ ಮಾತ್ರ ಸರಿ. ಎರ್ಕ್ ಆಂಟಿಬಾಡಿಗೆ ಬರೀ ಫಾಸ್ಫೇಟ್ ಕಂಡರೆ ಸಾಲದು. ಥ್ರಿಯೋನಿನ್-ಗ್ಲುಟಮೇಟ್-ಟೈರೋಸಿನ್ ಅನ್ನುವ ಸಾಲು, ಅದರ ಅಕ್ಕಪಕ್ಕ, ಅದರ ಮೇಲಿನ ಫಾಸ್ಫೇಟ್, ಎಲ್ಲ ಸೇರಿ ಆ ಆಕಾರ ಆಗಬೇಕು. ಕೇಸೀನ್‌ನಲ್ಲಿ ಇರುವುದು ಮುಖ್ಯವಾಗಿ ಫಾಸ್ಫೋಸೆರಿನ್. ಯಾವ ಪ್ರೋಟೀನಾದರೂ ಸರಿ, ಫಾಸ್ಫೋಸೆರಿನ್ ಕಂಡರೆ ಹಿಡಿ ಅನ್ನುವ ಆಂಟಿಬಾಡಿಗೆ ನಿಮ್ಮ ಎಚ್ಚರಿಕೆ ಸರಿ. ನಾನು ಹಾಲಿನಲ್ಲಿ ಬ್ಲಾಕ್ ಮಾಡಿ, ಪ್ರೈಮರಿಯನ್ನು ಬಿಎಸ್‌ಎಯಲ್ಲಿ ಹಾಕುತ್ತೇನೆ. ವರ್ಷಗಟ್ಟಲೆ ಹೀಗೇ ಮಾಡಿದ್ದೇನೆ.

ನೀಲಿ_ಲೇನ್
ನನ್ನ ಬ್ಲಾಟ್‌ನಲ್ಲಿ ಹಾಲು ಬಿಟ್ಟ ಮೇಲೆಯೇ ಹಿನ್ನೆಲೆ ತಿಳಿಯಾಯಿತು. ಕಣ್ಣಾರೆ ಕಂಡದ್ದನ್ನು ಹೇಗೆ ಬಿಡಲಿ?

ಹಳೇ_ಜೆಲ್
ಬಿಡಬೇಡಿ. ಒಂದೇ ಮೆಂಬ್ರೇನ್ ಎರಡು ಹೋಳು ಮಾಡಿ, ಎರಡನ್ನೂ ಅಕ್ಕಪಕ್ಕ ಇಟ್ಟು ತೋರಿಸಿ. ನಿಮ್ಮ ಆಂಟಿಬಾಡಿಗೆ ಯಾವುದು ಒಗ್ಗುತ್ತದೆ ಅನ್ನುವುದು ಅದರಲ್ಲೇ ಗೊತ್ತಾಗುತ್ತದೆ.

ಹೈಬ್ರಿಡೋಮಾ_ಕೈ
ಮೊದಲ ಪೋಸ್ಟಿನ ಒಂದು ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ. "ಮಾನೋಕ್ಲೋನಲ್ ಅಂದರೆ ಒಂದೇ ಗುರಿ ತಾನೇ?" ಈ ಪ್ರಶ್ನೆ ನನಗೆ ತುಂಬಾ ಹತ್ತಿರದ್ದು. ಎಂಟು ವರ್ಷ ಇದೇ ಕೆಲಸ ಮಾಡಿದ್ದೇನೆ.

ಮಾನೋಕ್ಲೋನಲ್ ಅನ್ನುವ ಮಾತು ಆಂಟಿಬಾಡಿ ಎಲ್ಲಿಂದ ಬಂತು ಅಂತ ಹೇಳುತ್ತದೆ. ಒಂದೇ ಕೋಶದ ಸಂತಾನ, ಅಷ್ಟೇ. ಅದು ಏನನ್ನು ಹಿಡಿಯುತ್ತದೆ ಅನ್ನುವುದಕ್ಕೆ ಈ ಪದದಲ್ಲಿ ಭರವಸೆ ಇಲ್ಲ. ಅದು ಗುರುತಿಸುವುದು ಐದಾರು ಅಮೈನೋ ಆಮ್ಲದಷ್ಟು ಸಣ್ಣ ತಾಣ. ಅದೇ ಆಕಾರ ಬೇರೆ ಪ್ರೋಟೀನಿನಲ್ಲಿ ಇದ್ದರೆ ಅದನ್ನೂ ಹಿಡಿಯುತ್ತದೆ. ಎರ್ಕ್ 5 ಅನ್ನುವ ದೊಡ್ಡಣ್ಣನಲ್ಲೂ ಅದೇ ಥ್ರಿಯೋನಿನ್-ಗ್ಲುಟಮೇಟ್-ಟೈರೋಸಿನ್ ಸಾಲು ಇದೆ. ಬ್ಲಾಟ್‌ನಲ್ಲಿ ಅದು 100ಕ್ಕಿಂತ ಮೇಲೆ ನಿಲ್ಲುವುದರಿಂದ ಗೊತ್ತಾಗುತ್ತದೆ. ಅದೇ ಆಂಟಿಬಾಡಿಯನ್ನು ಎಲೈಸಾದಲ್ಲೋ ಸೂಕ್ಷ್ಮದರ್ಶಕದಲ್ಲೋ ಬಳಸಿದರೆ ತೂಕ ಹೇಳುವವರು ಯಾರೂ ಇರುವುದಿಲ್ಲ.

ಕೋಹ್ಲರ್ ಮತ್ತು ಮಿಲ್‌ಸ್ಟೈನ್ 1975ರಲ್ಲಿ ಕೇಂಬ್ರಿಡ್ಜ್‌ನಲ್ಲಿ ಮಾಡಿ ತೋರಿಸಿದ ವಿಧಾನವನ್ನೇ ನಾವೂ ಮಾಡುತ್ತಿದ್ದೆವು. ಇಲಿಯ ಗುಲ್ಮದ ಬಿ ಕೋಶ ಮತ್ತು ಮೈಲೋಮಾ (ಕ್ಯಾನ್ಸರ್) ಕೋಶ ಬೆಸೆದು, ಬೆಸೆದವನ್ನು ಮಾತ್ರ ಉಳಿಸುವ ಹ್ಯಾಟ್ ಮಾಧ್ಯಮದಲ್ಲಿ ಇಡುವುದು. ಬೆಸೆಯದ ಮೈಲೋಮಾ ಅದರಲ್ಲಿ ಸಾಯುತ್ತದೆ, ಬೆಸೆಯದ ಬಿ ಕೋಶ ತಾನಾಗಿಯೇ ಕೆಲವು ದಿನದಲ್ಲಿ ಹೋಗುತ್ತದೆ. ಹತ್ತನೇ ದಿನ ಬೆಳಗ್ಗೆ 96 ಗುಳಿಯ ತಟ್ಟೆ ತೆಗೆದರೆ ಕೆಲವು ಗುಳಿಗಳಲ್ಲಿ ಮಾಧ್ಯಮ ಕೆಂಪಿನಿಂದ ಹಳದಿಗೆ ತಿರುಗಿರುತ್ತಿತ್ತು. ಕೆಳಗೆ ನೋಡಿದರೆ ಉಸಿರು ಹಿಡಿದುಕೊಂಡ ದ್ರಾಕ್ಷಿ ಗೊಂಚಲಿನ ಹಾಗೆ ಕೋಶಗಳು. ಅಲ್ಲಿಂದ ಮುಂದೆ ಒಂದು ಗುಳಿಗೆ ಒಂದೇ ಕೋಶ ಬೀಳುವಷ್ಟು ತೆಳು ಮಾಡಿ ಮತ್ತೆ ಬೆಳೆಸುವುದು, ಮತ್ತೆ ಪರೀಕ್ಷೆ, ಮತ್ತೆ ತೆಳು. ಈ ಮೂರನೇ ಸುತ್ತಿಗೆ ಬೇಸರ ಮಾಡಿದವರ ಕ್ಲೋನ್‌ಗಳೇ ಮುಂದೆ ಕೈ ಕೊಡುವುದು.

ಓದುಗ_ಹೊಸಬ
ಒಂದೇ ಕೋಶದಿಂದ ಬಂದಿದ್ದರೂ ಎರಡು ಬಗೆಯ ಆಂಟಿಬಾಡಿ ಬರಬಹುದಾ?

ಹೈಬ್ರಿಡೋಮಾ_ಕೈ
ಬರಬಹುದು. 2018ರಲ್ಲಿ 185 ಹೈಬ್ರಿಡೋಮಾಗಳ (ಹೀಗೆ ಬೆಸೆದ ಕೋಶಗಳ) ಅನುಕ್ರಮ ಓದಿದ ಅಧ್ಯಯನ ಬಂತು. ಅವುಗಳಲ್ಲಿ ಸುಮಾರು 32 ಶೇಕಡದಲ್ಲಿ ಒಂದಕ್ಕಿಂತ ಹೆಚ್ಚು ಭಾರದ ಅಥವಾ ಹಗುರ ಸರಪಳಿ ಇತ್ತು. ಅದಕ್ಕೇ ಈಗ ಅನುಕ್ರಮ ಗೊತ್ತಿರುವ ರೀಕಾಂಬಿನೆಂಟ್ ಆಂಟಿಬಾಡಿಗಳ ಕಡೆ ಹೋಗಿ ಅಂತ ನಾನು ಸಿಕ್ಕಿದವರಿಗೆಲ್ಲ ಹೇಳುತ್ತೇನೆ. ಕೋಶ ಸತ್ತರೂ ಅನುಕ್ರಮ ಉಳಿಯುತ್ತದೆ, ಮುಂದಿನ ವರ್ಷ ತರಿಸಿದರೂ ಅದೇ ಆಂಟಿಬಾಡಿ.

ನೀಲಿ_ಲೇನ್
ಹಾಗಾದರೆ ಹಲವು ಕೋಶಗಳ ಆಂಟಿಬಾಡಿ ಬೆರೆತ ಪಾಲಿಕ್ಲೋನಲ್ಲೇ ವಾಸಿ ಅಲ್ವಾ? ಹಲವು ತಾಣ ಹಿಡಿಯುತ್ತದೆ, ಸಿಗ್ನಲ್ ಜೋರು.

ಹೈಬ್ರಿಡೋಮಾ_ಕೈ
ಸಿಗ್ನಲ್ ಜೋರು, ನಿಜ. ಆದರೆ ಆ ಪ್ರಾಣಿ ಹೋದರೆ ಆಂಟಿಬಾಡಿಯೂ ಹೋಯಿತು. ಮುಂದಿನ ಲಾಟ್ ಬೇರೆ ಪ್ರಾಣಿಯದು. ಐದು ವರ್ಷದ ಕೆಲಸ ಮಧ್ಯದಲ್ಲಿ ಲಾಟ್ ಬದಲಾಗಿ ನಿಂತದ್ದನ್ನು ನೋಡಿದ್ದೇನೆ.

ಕೋಶ_ಕುತೂಹಲಿ
ವಿಷಯ ಸ್ವಲ್ಪ ಆಚೆ ಹೋಗುತ್ತದೆ, ಆದರೂ ಹೇಳಬೇಕು ಅನ್ನಿಸಿತು. ಟೈರೋಸಿನ್ ಮೇಲೂ ಫಾಸ್ಫೇಟ್ ಕೂರುತ್ತದೆ ಅಂತ ಗೊತ್ತಾದದ್ದು 1979ರಲ್ಲಿ, ಸಾಲ್ಕ್ ಸಂಸ್ಥೆಯಲ್ಲಿ ಟೋನಿ ಹಂಟರ್ ಹಳೇ ಬಫರ್ ಬಳಸಿದ್ದರಿಂದ. ಮರುಬಳಕೆ ಮಾಡಿ ಮಾಡಿ ಅದರ ಪಿಹೆಚ್ 1.9ರಿಂದ 1.7ಕ್ಕೆ ಇಳಿದಿತ್ತು. ಸರಿಯಾದ ಬಫರ್‌ನಲ್ಲಿ ಫಾಸ್ಫೋಥ್ರಿಯೋನಿನ್ ಜೊತೆ ಒಂದೇ ಚುಕ್ಕೆಯಾಗಿ ಓಡುತ್ತಿದ್ದ ಫಾಸ್ಫೋಟೈರೋಸಿನ್ ಅವತ್ತು ಬೇರೆಯಾಗಿ ನಿಂತಿತು. ಅದನ್ನು ಅವರು ಗಮನಿಸಿದರು ನೋಡಿ, ಅದು ದೊಡ್ಡದು.

ಹಳೇ_ಜೆಲ್
ಆ ದಾರಿಯಲ್ಲಿ ಇನ್ನೊಂದು ಕೊಂಡಿ ಇದೆ. ಫಾಸ್ಫೋಟೈರೋಸಿನ್ ಹಿಡಿಯುವ 4ಜಿ10 ಮಾನೋಕ್ಲೋನಲ್ ಮಾಡಿದವರಲ್ಲಿ ಬ್ರಯಾನ್ ಡ್ರೂಕರ್ ಒಬ್ಬರು. ಮುಂದೆ ಅವರೇ ರಕ್ತದ ಕ್ಯಾನ್ಸರ್ ತರುವ ಬಿಸಿಆರ್-ಎಬಿಎಲ್ ಕೈನೇಸ್ ತಡೆಯುವ ಇಮ್ಯಾಟಿನಿಬ್ ಔಷಧಿಯ ಕೆಲಸದಲ್ಲಿ ಮುಂದೆ ನಿಂತರು, 2001ರಲ್ಲಿ ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು. ಕೈನೇಸ್ ನಿಂತಿತಾ ಇಲ್ಲವಾ ಅಂತ ನೋಡಲು ಕಣ್ಣಾಗಿದ್ದು ಇಂಥ ಆಂಟಿಬಾಡಿಗಳೇ. ನಮ್ಮ ಕೈಯಲ್ಲಿರುವ ಈ ಸಣ್ಣ ಟ್ಯೂಬಿನ ಬಗ್ಗೆ ನನಗೆ ಗೌರವ ಇರುವುದು ಅದಕ್ಕೇ.

ಸೂಕ್ಷ್ಮ_ಕಣ್ಣು
ಮತ್ತೆ ವಿಷಯಕ್ಕೆ ಬರೋಣ. @ಮೌನ_ಪಿಪೆಟ್, 42ರಲ್ಲಿ ಗೆರೆ ಬಂದರೂ ಅದು ಫಾಸ್ಫೋ-ಎರ್ಕ್ ಅಂತ ಹೇಗೆ ಸಾಬೀತು ಮಾಡುತ್ತೀರಿ? ನನ್ನ ಅನುಭವದಲ್ಲಿ ಮೂರು ಲೇನ್ ಬೇಕೇ ಬೇಕು. ರಾತ್ರಿಯಿಡೀ ಸೀರಂ ಇಲ್ಲದೆ ಇಟ್ಟು, ಇಜಿಎಫ್ (ಎರ್ಕ್ ಅನ್ನು ಚುರುಕು ಮಾಡುವ ಬೆಳವಣಿಗೆಯ ಪ್ರೋಟೀನ್) ಹಾಕಿ ಐದರಿಂದ ಹತ್ತು ನಿಮಿಷ ಬಿಟ್ಟ ಕೋಶಗಳ ಲೈಸೇಟ್ ಒಂದು. ಅದೇ ಕೋಶಗಳಿಗೆ ಮೊದಲೇ ಯು0126 ಕೊಟ್ಟದ್ದು ಇನ್ನೊಂದು, ಅದು ಎರ್ಕ್ ಮೇಲೆ ಫಾಸ್ಫೇಟ್ ಕೂರಿಸುವ ಮೆಕ್ ಕಿಣ್ವವನ್ನು ತಡೆಯುವುದರಿಂದ ಗೆರೆ ಮಾಯ ಆಗಬೇಕು. ಮೂರನೆಯದು ಲ್ಯಾಂಬ್ಡಾ ಫಾಸ್ಫಟೇಸ್ ಹಾಕಿದ ಲೈಸೇಟ್. ಫಾಸ್ಫೋ ಗೆರೆ ಹೋಗಬೇಕು, ಒಟ್ಟು ಎರ್ಕ್ ಗೆರೆ ಇದ್ದ ಹಾಗೇ ಇರಬೇಕು.

ಬಫರ್_ಮನೆ
ಆ ಮೂರನೆಯದಕ್ಕೆ ಬೇರೆ ಲೈಸೇಟ್ ಮಾಡಿಕೊಳ್ಳಿ. ಫಾಸ್ಫಟೇಸ್ ತಡೆಯುವವು ಇರುವ ಬಫರ್‌ಗೆ ಫಾಸ್ಫಟೇಸ್ ಹಾಕಿ ಏನೂ ಆಗಲಿಲ್ಲ ಅನ್ನುವವರು ಜಾಸ್ತಿ. ಇಡಿಟಿಎಯೂ ಬೇಡ, ಆ ಕಿಣ್ವಕ್ಕೆ ಮ್ಯಾಂಗನೀಸ್ ಬೇಕು.

ಕೋಶ_ಕುತೂಹಲಿ
ಹೋಲಿಕೆಗೆ ಆಕ್ಟಿನ್ ಬೇಡ, ಒಟ್ಟು ಎರ್ಕ್ ಇಟ್ಟುಕೊಳ್ಳಿ. ಅದಕ್ಕೆ ಮೊಲದ ಆಂಟಿಬಾಡಿ, ಫಾಸ್ಫೋಗೆ ಮೌಸ್, ಎರಡು ಬಣ್ಣದ ಫ್ಲೋರೆಸೆಂಟ್ ಸೆಕೆಂಡರಿ. ಒಂದೇ ಮೆಂಬ್ರೇನ್ ಮೇಲೆ ಎರಡೂ ಸಿಗುತ್ತದೆ, ಸ್ಟ್ರಿಪ್ ಮಾಡಿ (ಮೊದಲ ಆಂಟಿಬಾಡಿ ತೊಳೆದು) ಪ್ರೋಟೀನ್ ಕಳೆದುಕೊಳ್ಳುವ ತೊಂದರೆ ಇಲ್ಲ.

ಹಳೇ_ಜೆಲ್
ಅವರದು ಇಲಿಯ ಮಿದುಳು. ಮೌಸ್ ಆಂಟಿಬಾಡಿ ಹಾಕಿದರೆ ಬಣ್ಣ ಯಾವುದಾದರೂ ಐಜಿಜಿ ಮತ್ತೆ ಹಾಜರ್.

ಕೋಶ_ಕುತೂಹಲಿ
ಅದೂ ಹೌದು. ಹಾಗಾದರೆ ಎರಡು ಜೆಲ್, ಒಂದೇ ಲೈಸೇಟ್, ಒಂದೇ ದಿನ.

ಓದುಗ_ಹೊಸಬ
ಫಾಸ್ಫೋ ಗೆರೆ ದಪ್ಪ ಆದರೆ ಕಿಣ್ವ ಚುರುಕು ಅಂತ ಬರೆಯಬಹುದಾ?

ಸೂಕ್ಷ್ಮ_ಕಣ್ಣು
ಎರ್ಕ್ ಮಟ್ಟಿಗೆ ಬಹುತೇಕ ಹೌದು. ಎಲ್ಲಕ್ಕೂ ಅಲ್ಲ. ಎಕೆಟಿ ಅನ್ನುವ ಇನ್ನೊಂದು ಕೈನೇಸ್ ನೋಡಿ. ಎಟಿಪಿ ಕೂರುವ ಜಾಗವನ್ನು ಮುಚ್ಚುವ ಔಷಧಿ ಕೊಟ್ಟರೆ ಎಕೆಟಿ ಕೆಲಸ ನಿಲ್ಲುತ್ತದೆ, ಆದರೆ ಥ್ರಿಯೋನಿನ್ 308, ಸೆರಿನ್ 473ರ ಫಾಸ್ಫೇಟ್ ಜಾಸ್ತಿಯಾಗುತ್ತದೆ. ಬ್ಲಾಟ್ ಮಾತ್ರ ನೋಡಿದವರು ತದ್ವಿರುದ್ಧ ತೀರ್ಮಾನಕ್ಕೆ ಬರುತ್ತಾರೆ. ಕೆಲಸ ಅಳೆಯಬೇಕಾದರೆ ಅದು ಫಾಸ್ಫೇಟ್ ಕೂರಿಸುವ ಮುಂದಿನ ಪ್ರೋಟೀನನ್ನು ನೋಡಿ, ಇಲ್ಲವೇ ಕಿಣ್ವವನ್ನು ಎಳೆದು ತೆಗೆದು ಕೈನೇಸ್ ಅಸ್ಸೇ ಮಾಡಿ.

ಹೈಬ್ರಿಡೋಮಾ_ಕೈ
ಅಸ್ಸೇ ಮಾಡುವುದಾದರೆ ಆಂಟಿಬಾಡಿ ಆರಿಸುವಾಗ ನೋಡಿಕೊಳ್ಳಿ. ಬ್ಲಾಟ್‌ನಲ್ಲಿ ಬಿಚ್ಚಿದ ಪ್ರೋಟೀನ್, ಇಲ್ಲಿ ಮಡಿಚಿದ್ದು. ಬ್ಲಾಟ್‌ನಲ್ಲಿ ಚೆನ್ನಾಗಿ ಕೆಲಸ ಮಾಡಿದ ಎಷ್ಟೋ ಮಾನೋಕ್ಲೋನಲ್‌ಗಳು ಮಡಿಚಿದ ಕಿಣ್ವವನ್ನು ಹಿಡಿಯುವುದೇ ಇಲ್ಲ, ಅವುಗಳ ತಾಣ ಒಳಗೆ ಅಡಗಿರುತ್ತದೆ.

ಮೌನ_ಪಿಪೆಟ್
ಹನ್ನೊಂದು ದಿನ ಆಯಿತು, ಫಲಿತಾಂಶ ಹೇಳಲು ಬಂದೆ. ಸೆಕೆಂಡರಿ ಮಾತ್ರ ಹಾಕಿದ ಬ್ಲಾಟ್‌ನಲ್ಲಿ 50 ಮತ್ತು 25 ಹಾಗೇ ಬಂದವು, ಅಚ್ಚೊತ್ತಿದ ಹಾಗೆ. ಗೈಡ್‌ಗೆ ತೋರಿಸಿದೆ, ತುಂಬಾ ಹೊತ್ತು ನೋಡಿದರು.

ಪಕ್ಕದ ಲ್ಯಾಬಿನವರ ಹತ್ತಿರ ಮೊಲದ ಮಾನೋಕ್ಲೋನಲ್ ಸ್ವಲ್ಪ ಕೇಳಿ ಪಡೆದೆ. ಹೊಸ ಇಲಿಗಳು, ಇಬ್ಬರು ಸೇರಿ ಮಾಡಿದೆವು, ಒಬ್ಬರು ಬಿಡಿಸಿ ಒಬ್ಬರು ಟ್ಯೂಬು ಹಿಡಿದು. ಒಂದು ನಿಮಿಷ ನಲವತ್ತು ಸೆಕೆಂಡಿಗೆ ಇಳಿದಿದೆ. ಬಿಸಿ ಎಸ್‌ಡಿಎಸ್ ಬಫರ್, 10% ಜೆಲ್, ಪ್ರೈಮರಿ ಬಿಎಸ್‌ಎಯಲ್ಲಿ. ಜೋಡಿ ಗೆರೆ ಬಂತು! ಮೇಲಿನದು ತೆಳು, ಕೆಳಗಿನದು ದಪ್ಪ. ಯು0126 ಲೇನ್ ಖಾಲಿ. ಫಾಸ್ಫಟೇಸ್ ಲೇನ್ ಖಾಲಿ, ಒಟ್ಟು ಎರ್ಕ್ ಎಲ್ಲದರಲ್ಲೂ ಸಮ. ಔಷಧಿ ಕೊಟ್ಟ ಇಲಿಗಳಲ್ಲಿ ಫಾಸ್ಫೋ ಗೆರೆ ಜಾಸ್ತಿ ಇದೆ ಅನ್ನಿಸುತ್ತದೆ. ಕತ್ತಲ ಕೋಣೆಯಲ್ಲಿ ಪರದೆ ಮೇಲೆ ಆ ಎರಡು ಗೆರೆ ಮೂಡುವಾಗ ನಾನೂ ನನ್ನ ಜೊತೆಯವಳೂ ಮಾತೇ ಆಡಲಿಲ್ಲ.

ಬಫರ್_ಮನೆ
ತುಂಬಾ ಖುಷಿಯಾಯಿತು! ಕ್ಲೋನ್ ಹೆಸರು, ಲಾಟ್ ಸಂಖ್ಯೆ ಇವತ್ತೇ ಪುಸ್ತಕದಲ್ಲಿ ಬರೆದಿಡಿ. ಪಡೆದು ತಂದ ಟ್ಯೂಬಿನ ಮೇಲೆ ಅದು ಇರುವುದಿಲ್ಲ, ಮೂಲ ಬಾಟಲಿ ನೋಡಿ ಬನ್ನಿ.

ಸೂಕ್ಷ್ಮ_ಕಣ್ಣು
ಎಷ್ಟು ಹೊತ್ತಿನ ಎಕ್ಸ್‌ಪೋಶರ್ ಅಳೆಯುತ್ತಿದ್ದೀರಿ? ದಪ್ಪ ಗೆರೆಯ ನಡುವೆ ಬಿಳಿಚಿದ್ದರೆ ಅಲ್ಲಿ ಎಚ್‌ಆರ್‌ಪಿ ಜಾಸ್ತಿಯಾಗಿ ಸಬ್‌ಸ್ಟ್ರೇಟ್ ಮುಗಿದಿದೆ, ಸಂಖ್ಯೆ ತೆಗೆಯಬೇಡಿ.

ಮೌನ_ಪಿಪೆಟ್
ಎರಡು ನಿಮಿಷದ್ದು ಅಳೆದಿದ್ದೆ. ಈಗ ನೋಡಿದೆ, ಎರಡು ಲೇನ್‌ನಲ್ಲಿ ಕೆಳಗಿನ ಗೆರೆ ನಡುವೆ ನಿಜಕ್ಕೂ ಬಿಳಿಚಿದೆ. ಸೆಕೆಂಡರಿ ಇನ್ನೂ ತೆಳು ಮಾಡಿ, ಲೈಸೇಟನ್ನು ಅರ್ಧ, ಕಾಲು ಅಂತ ಇಳಿಸುತ್ತಾ ಲೋಡ್ ಮಾಡಿ ಮತ್ತೆ ಓಡಿಸುತ್ತೇನೆ. ಜೆಲ್ ಈಗಷ್ಟೇ ಎರೆದೆ.